ಅಭಯಾರಣ್ಯವೇ ಇಲ್ಲದ ಜಿಲ್ಲೆಯಿಂದ: ಕೇರಳದ ಮುಖ್ಯ ವನ್ಯಜೀವಿ ವಾರ್ಡನ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಿಮ್ಮ ಕಚೇರಿ ತಿರುವನಂತಪುರದಲ್ಲಿದೆ. ನಾನು ಬರೆಯುತ್ತಿರುವುದು ಕಾಸರಗೋಡು ಜಿಲ್ಲೆಯ ದೇಲಂಪಾಡಿ ಪಂಚಾಯತಿನಿಂದ. ನಡುವೆ 550 ಕಿ.ಮೀ.ಗಿಂತ ಜಾಸ್ತಿ ದಾರಿ. ಇಲ್ಲಿಂದ ಕರ್ನಾಟಕದ ಸುಳ್ಯ ತಾಲೂಕು ಮಾತ್ರ ಕೂಗಿದರೆ ಕೇಳುವಷ್ಟು ಹತ್ತಿರ. ಮಕ್ಕಳ ಕಾಲೇಜು, ಅಡಿಕೆ ಮಾರಾಟ, ಹಲ್ಲುನೋವಿನ ಡಾಕ್ಟರು, ನಮಗೆ ಎಲ್ಲದಕ್ಕೂ ಆ ಕಡೆಯೇ. ಆನೆಗಳೂ ಹಾಗೇ ಹೋಗಿ ಬರುತ್ತವೆ. ಅವಕ್ಕೆ ರೇಷನ್ ಕಾರ್ಡ್ ಇಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಕುರ್ಚಿಗೆ ಯಾರೇ ಬರಲಿ, ಮೊದಲ ವಾರ ಮೇಜಿನ ಮೇಲೆ ಬಂದು ಬೀಳುವ ಫೈಲುಗಳು ವಯನಾಡಿನವು, ಇಡುಕ್ಕಿಯವು, ಪಾಲಕ್ಕಾಡಿನವು. ಅದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಕಾಡು ದೊಡ್ಡದು, ಸಾವುನೋವೂ ಜಾಸ್ತಿ. ನಮ್ಮ ಫೈಲನ್ನು ಎಲ್ಲಕ್ಕಿಂತ ಮೇಲೆ ಇಡಿ ಅಂತ ನಾನು ಕೇಳುತ್ತಿಲ್ಲ. ಇದು ಬೇರೆ ತರದ ಫೈಲು, ಬೇರೆ ತರ ಓದಬೇಕು ಅಂತಷ್ಟೇ ಹೇಳುವುದು.

ಒಮ್ಮೆ ನಿಮ್ಮ ಗೋಡೆಯ ಮೇಲಿನ ನಕ್ಷೆ ನೋಡಿ. ಕೇರಳದಲ್ಲಿ ಆನೆ ಮೀಸಲು ಪ್ರದೇಶ ನಾಲ್ಕಿವೆ: ವಯನಾಡು, ನಿಲಂಬೂರು, ಆನಮುಡಿ, ಪೆರಿಯಾರ್. ಹುಲಿ ಮೀಸಲು ಎರಡು, ಪೆರಿಯಾರ್ ಮತ್ತು ಪರಂಬಿಕುಳಂ. ರಾಷ್ಟ್ರೀಯ ಉದ್ಯಾನಗಳು, ಅಭಯಾರಣ್ಯಗಳು ಅಂತ ತೆಂಕಣದಿಂದ ಬಡಗಣಕ್ಕೆ ಹಸಿರು ಬಣ್ಣ ಬಳಿದಿದ್ದಾರೆ. ಆ ಬಣ್ಣ ಕಣ್ಣೂರಿನ ಆರಳಂ ಹತ್ತಿರ ನಿಂತುಬಿಡುತ್ತದೆ. 1984ರಲ್ಲಿ ಘೋಷಣೆಯಾದ 55 ಚದರ ಕಿ.ಮೀ.ಗಳ ಆ ಅಭಯಾರಣ್ಯ ದಾಟಿದ ಮೇಲೆ ನಮ್ಮ ಕಡೆಗೆ ಏನೂ ಇಲ್ಲ. ಕಾಸರಗೋಡು ಜಿಲ್ಲೆಯೂ ಅದೇ 1984ರಲ್ಲಿ ಹುಟ್ಟಿದ್ದು. ಇಷ್ಟು ವರ್ಷವಾದರೂ ಇಲ್ಲಿ ಒಂದು ಅಭಯಾರಣ್ಯ ಇಲ್ಲ, ಒಂದು ರಾಷ್ಟ್ರೀಯ ಉದ್ಯಾನ ಇಲ್ಲ. ನಮ್ಮಲ್ಲಿ ಓಡಾಡುವ ಆನೆ ಆ ನಾಲ್ಕು ಮೀಸಲುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ.

ಹಾಗಾದರೆ ಇಲ್ಲಿ ಏನಿದೆ? ಪರಪ್ಪೆ, ಕಾರಡ್ಕ, ಬಂದಡ್ಕ, ರಾಣಿಪುರಂ, ಕೊಟ್ಟಂಚೇರಿ ಅಂತ ಅಲ್ಲಲ್ಲಿ ಮೀಸಲು ಅರಣ್ಯದ ತುಂಡುಗಳು. ನಡುವೆ ಅಡಿಕೆ ತೋಟ, ರಬ್ಬರ್, ಗೇರು, ಮುರಕಲ್ಲಿನ ಪದವು, ಮನೆ, ಶಾಲೆ, ಮಸೀದಿ, ದೈವಸ್ಥಾನ. ಆನೆ, ಚಿರತೆ, ಕಾಟಿ (ಕಾಡುಕೋಣ), ಹಂದಿ, ಮಂಗ, ನವಿಲು ಎಲ್ಲವೂ ಈ ತುಂಡಿನಿಂದ ಆ ತುಂಡಿಗೆ ನಮ್ಮ ಅಂಗಳ ದಾಟಿಯೇ ಹೋಗಬೇಕು. ಅಂದರೆ ಇಲ್ಲಿ ವನ್ಯಜೀವಿ ಇಲಾಖೆಯ ಕೆಲಸ ಗೇಟು ಹಾಕಿ, ಟಿಕೆಟ್ ಕೊಟ್ಟು, ಸಫಾರಿ ಬಿಡುವ ಕೆಲಸ ಅಲ್ಲವೇ ಅಲ್ಲ. ನಿಮ್ಮ ಪ್ರಾಣಿಗಳು ಇಲ್ಲಿ ಹೆಚ್ಚಾಗಿ ಇರುವುದು ನಿಮ್ಮ ಕಾಡಿನ ಹೊರಗೆ. ಹಾಗಿರುವಾಗ ಇಲಾಖೆಯನ್ನು ನಡೆಸುವ ರೀತಿಯೂ ಬದಲಾಗಬೇಕಲ್ವಾ?

ಆನೆಯಿಂದಲೇ ಶುರು ಮಾಡುತ್ತೇನೆ.

ಅಡಿಕೆ ತೋಟಕ್ಕೆ ಆನೆ ನುಗ್ಗಿದ ಮರುದಿನ ಬೆಳಿಗ್ಗೆ ಹೇಗಿರುತ್ತದೆ ಅಂತ ನೀವು ನೋಡಿರಬಹುದು. ಕಂಗಿನ ಮರವನ್ನು ಹಣೆಯಿಂದ ದೂಡಿ ಬೀಳಿಸುತ್ತದೆ. ಮರ ಬಿದ್ದ ಮೇಲೆ ತುದಿಯ ತಿರುಳು ಮಾತ್ರ ಸೀಳಿ ತಿನ್ನುತ್ತದೆ. ಒಂದು ಮರ ಬೀಳುವಾಗ ಪಕ್ಕದ ಎರಡನ್ನು ಎಳೆದುಕೊಂಡೇ ಬೀಳುತ್ತದೆ. ಬಾಳೆಯಾದರೆ ದಿಂಡು ಬಿಚ್ಚಿ ಒಳಗಿನ ತಿರುಳು ಮುಗಿಸಿ, ಸಿಪ್ಪೆ ರಾಶಿ ಹಾಕಿರುತ್ತದೆ. ಸ್ಪ್ರಿಂಕ್ಲರ್ ಪೈಪು ಕಾಲಿಗೆ ಸಿಕ್ಕಿ ಪುಡಿಪುಡಿ. ಬಾಳೆ ಒಂದು ವರ್ಷದಲ್ಲಿ ಮತ್ತೆ ಬರುತ್ತದೆ, ಬಿಡಿ. ಅಡಿಕೆ ಗಿಡ ನೆಟ್ಟರೆ ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಪರಿಹಾರದ ಲೆಕ್ಕ ಹಾಕುವಾಗ ಮರಕ್ಕೆ ಇಷ್ಟು ಅಂತ ಒಂದು ದರ ಇದೆ. ಆ ಐದಾರು ವರ್ಷದ ಖಾಲಿ ಜಾಗಕ್ಕೆ ಯಾವ ದರವೂ ಇಲ್ಲ.

ಏಪ್ರಿಲ್‌ನಿಂದ ಜೂನ್‌ವರೆಗೆ ಹಲಸಿನ ಕಾಲ. ಹಣ್ಣಿನ ವಾಸನೆಗೆ ಆನೆ ಎಷ್ಟು ದೂರದಿಂದಲೂ ಬರುತ್ತದೆ. ಅದಕ್ಕೆ ಕಾಡಂಚಿನ ಮನೆಗಳಲ್ಲಿ ಕಾಯಿ ಎಳತಿರುವಾಗಲೇ ಕೊಯ್ದು ಹಾಕುತ್ತಾರೆ. ಕೆಲವರು ಮರವನ್ನೇ ಕಡಿಸಿದ್ದಾರೆ. ಮನೆ ಹತ್ತಿರ ಹಲಸಿನ ಮರ ಇಲ್ಲದ ಊರನ್ನು ನಮ್ಮ ಹಿರಿಯರು ಊರು ಅಂತಲೇ ಕರೆಯುತ್ತಿರಲಿಲ್ಲ. ಈಗ ಮಳೆಗಾಲಕ್ಕೆ ಹಪ್ಪಳ ಮಾಡಲು ಪೇಟೆಯಿಂದ ಹಲಸು ತರುವ ಮನೆಗಳಿವೆ. ಇದೆಲ್ಲ ನಿಮ್ಮ ಯಾವ ನಷ್ಟ ಪರಿಹಾರದ ಫಾರಂನಲ್ಲೂ ಬರುವುದಿಲ್ಲ.

ಇನ್ನು ಬೇಲಿ. ಕಾರಡ್ಕ ಬ್ಲಾಕ್ ಪಂಚಾಯತು ಮುಂದೆ ನಿಂತು, ಗ್ರಾಮ ಪಂಚಾಯತುಗಳ ದುಡ್ಡನ್ನೂ ಕೂಡಿಸಿ, ಗಡಿಯ ಉದ್ದಕ್ಕೆ ಸೋಲಾರ್ ತೂಗುಬೇಲಿ ಹಾಕುವ ಯೋಜನೆ ಮಾಡಿತು. ತಲ್ಪಚ್ಚೇರಿಯಿಂದ ಪುಲಿಪರಂಬದವರೆಗೆ, ಸುಮಾರು 29 ಕಿ.ಮೀ. ಕಾಡಾನೆಯನ್ನು ತಡೆಯಲು ಊರಿನ ಪಂಚಾಯತೇ ಕೈಹಾಕಿದ್ದು ಸಣ್ಣ ವಿಷಯ ಅಲ್ಲ. ನನಗೆ ಈ ವಿಚಾರದಲ್ಲಿ ನಮ್ಮ ಊರಿನ ಬಗ್ಗೆ ಹೆಮ್ಮೆ ಇದೆ. ಬೇಲಿ ಆದ ಕಡೆ ಆನೆ ಕಡಿಮೆಯಾದದ್ದೂ ನಿಜ.

ಆದರೆ ತೂಗುಬೇಲಿ ಹಾಕಿ ಮುಗಿಸುವ ಕೆಲಸ ಅಲ್ಲ. ಎತ್ತರದ ಕಂಬಗಳು, ಮೇಲೆ ಅಡ್ಡಕ್ಕೆ ತಂತಿ, ಅದರಿಂದ ಕೆಳಗೆ ಇಳಿಬಿದ್ದ ಸಣ್ಣ ಸ್ಟೀಲ್ ತಂತಿಗಳು. ಅವು ನೆಲಕ್ಕೆ ತಾಗುವುದಿಲ್ಲ. ಹಗಲು ಬಿಸಿಲಿಗೆ ಬ್ಯಾಟರಿ ತುಂಬುತ್ತದೆ. ಎನರ್ಜೈಸರ್ ಅನ್ನುವ ಪೆಟ್ಟಿಗೆ ಸೆಕೆಂಡಿಗೊಮ್ಮೆ ಟಕ್, ಟಕ್ ಅಂತ ಒಂದೊಂದು ಹೊಡೆತ ಕಳಿಸುತ್ತದೆ. ವೋಲ್ಟೇಜ್ ಜೋರು, ಆದರೆ ಕ್ಷಣಮಾತ್ರ. ಆನೆ ಸಾಯುವುದಿಲ್ಲ, ಬೆಚ್ಚಿ ಹಿಂದೆ ಸರಿಯುತ್ತದೆ. ಇಲ್ಲಿಯವರೆಗೆ ಸರಿ. ಇನ್ನು ಜೂನ್ ತಿಂಗಳು ಬರಲಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಒಂದೇ ವಾರದಲ್ಲಿ ಬಳ್ಳಿ ಕಂಬ ಹತ್ತುತ್ತದೆ. ಒಂದು ಹಸಿ ಬಳ್ಳಿ ತಂತಿಗೆ ತಾಗಿತು ಅಂತಾದರೆ ಕರೆಂಟು ಅದರ ಮೂಲಕ ನೆಲಕ್ಕೆ ಇಳಿಯುತ್ತದೆ. ಪೆಟ್ಟಿಗೆ ಟಕ್ ಟಕ್ ಅನ್ನುತ್ತಲೇ ಇರುತ್ತದೆ, ತಂತಿಯಲ್ಲಿ ಮಾತ್ರ ಶಕ್ತಿಯಿಲ್ಲ. ಮೋಡ ಕವಿದು ನಾಲ್ಕು ದಿನ ಬಿಸಿಲು ಬರದಿದ್ದರೆ ಬ್ಯಾಟರಿ ಅರ್ಧ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಮುಗಿಯಿತು. ಆನೆಗೂ ಕಲಿಯುವುದಕ್ಕೆ ಜಾಸ್ತಿ ದಿನ ಬೇಕಿಲ್ಲ. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅಂತ ಸಲಗಕ್ಕೆ ಗೊತ್ತು. ಪಕ್ಕದ ಮರವನ್ನು ಬೇಲಿ ಮೇಲೆ ದೂಡಿದರೆ ದಾರಿ ಸಿಗುತ್ತದೆ ಅಂತಲೂ ಗೊತ್ತು.

ಹಾಗಾಗಿ ಬೇಲಿ ಅಂದರೆ ಅದರ ಕೆಳಗೆ ಕತ್ತಿ ಹಿಡಿದು ನಡೆಯುವ ಮನುಷ್ಯ. ದಿನಾ ಸಂಜೆ ಒಬ್ಬ ಟೆಸ್ಟರ್ ಹಿಡಿದು ನೋಡಬೇಕು, ಬಳ್ಳಿ ಸವರಬೇಕು, ಕಡಿದ ತಂತಿ ಕಟ್ಟಬೇಕು. ಆ ಮನುಷ್ಯ ಯಾರು? ದಿನಗೂಲಿಯ ತಾತ್ಕಾಲಿಕ ವಾಚರ್. ಮಳೆಯಲ್ಲಿ, ಜಿಗಣೆ ನಡುವೆ, ಒಂದು ಟಾರ್ಚು ಹಿಡಿದು ಅವನು ಹೋಗುತ್ತಾನೆ. ಆ ಆನೆಯ ಅಭ್ಯಾಸ ಏನು, ಅದು ಯಾವ ತೋಡಿನಲ್ಲಿ ಇಳಿಯುತ್ತದೆ, ಮರಿ ಜೊತೆಗಿದೆಯಾ ಎಲ್ಲ ಅವನಿಗೆ ಬಾಯಿಪಾಠ. ರೇಂಜರು ಬದಲಾಗುತ್ತಾರೆ, ಅವರ ಮೇಲಿನ ವಿಭಾಗ ಅರಣ್ಯಾಧಿಕಾರಿ, ಅಂದರೆ ಡಿಎಫ್‌ಒ, ಬದಲಾಗುತ್ತಾರೆ, ಕ್ಷಮಿಸಿ, ನೀವೂ ಬದಲಾಗುತ್ತೀರಿ. ಅವನು ಅಲ್ಲೇ ಇರುತ್ತಾನೆ. ಇಲಾಖೆಯ ಜ್ಞಾಪಕಶಕ್ತಿ ಅಂತ ಒಂದು ಇದ್ದರೆ ಅದು ಆ ದಿನಗೂಲಿಯವನ ತಲೆಯೊಳಗಿದೆ. ಅವನ ಕೂಲಿ ತಿಂಗಳಿಗೆ ಸರಿಯಾಗಿ ಕೈಸೇರುವುದು, ಅವನಿಗೆ ಗಂಬೂಟು, ಮಳೆಕೋಟು, ವಿಮೆ ಸಿಗುವುದು ಸಣ್ಣ ಆಡಳಿತ ವಿಷಯ ಅಂತ ಅನಿಸಬಹುದು. ನನ್ನ ಮಟ್ಟಿಗೆ ನಿಮ್ಮ ನಾಯಕತ್ವದ ಪರೀಕ್ಷೆ ನಡೆಯುವುದು ಅಲ್ಲೇ. ಬೇಲಿ ಉದ್ಘಾಟನೆಗೆ ದುಡ್ಡು ಸಿಗುತ್ತದೆ, ಫೋಟೋ ಬರುತ್ತದೆ. ಬಳ್ಳಿ ಸವರುವುದಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಹಾಕಿಸಿ. ಪ್ರತಿವರ್ಷ, ಮೇ ತಿಂಗಳಿಗೆ ಮೊದಲು.

ಗಡಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಆನೆ ಓಡಿಸುವುದು ಅಂದರೆ ಏನು ಗೊತ್ತಾ? ಈ ಕಡೆಯವರು ಗರ್ನಾಲು ಪಟಾಕಿ ಹೊಡೆದು ಪಯಸ್ವಿನಿ ಹೊಳೆಯ ಆಚೆಗೆ, ಸುಳ್ಯದ ಮಂಡೆಕೋಲಿನ ಕಡೆಗೆ ದಾಟಿಸುತ್ತಾರೆ. ಎರಡು ದಿನ ನೆಮ್ಮದಿ. ಅಲ್ಲಿನವರಿಗೂ ತೋಟ ಇದೆ, ಅವರಲ್ಲೂ ಗರ್ನಾಲು ಇದೆ. ಮೂರನೇ ದಿನ ಆನೆ ವಾಪಸ್. ಎರಡೂ ರಾಜ್ಯದ ದುಡ್ಡು ಖರ್ಚು, ಆನೆಗೆ ಸುಮ್ನೆ ನಿದ್ದೆಗೆಟ್ಟು ಸಿಟ್ಟು. ನನ್ನ ತಂಗಿಯನ್ನು ಕೊಟ್ಟದ್ದು ಹೊಳೆಯ ಆಚೆಗೆ. ಆನೆ ದಾಟಿತು ಅಂತ ಅವಳಿಗೆ ನಾನು ಫೋನು ಮಾಡುತ್ತೇನೆ, ಅವಳು ನನಗೆ ಮಾಡುತ್ತಾಳೆ. ನಮ್ಮ ಅಂತರರಾಜ್ಯ ಸಮನ್ವಯ ಸಮಿತಿ ಅಂದರೆ ಸದ್ಯಕ್ಕೆ ಅಷ್ಟೇ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. 2024ರ ಫೆಬ್ರವರಿ 10ರಂದು ಮಾನಂದವಾಡಿಯಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬೇಕು. ಹಾಸನದ ಬೇಲೂರಿನಲ್ಲಿ ಹಿಡಿದು, ರೇಡಿಯೋ ಕಾಲರ್ ಹಾಕಿ, ಬಂಡೀಪುರದ ಕಾಡಿಗೆ ಬಿಟ್ಟ ಮಖ್ನಾ (ದಂತವಿಲ್ಲದ ಗಂಡು) ಆನೆ ಗಡಿ ದಾಟಿ ಬಂದು ಒಬ್ಬರ ಮನೆಯ ಅಂಗಳದಲ್ಲೇ ಅವರನ್ನು ಕೊಂದಿತು. ಆನೆಯ ಕತ್ತಿನಲ್ಲಿ ಕಾಲರ್ ಇತ್ತು. ಅದು ಎಲ್ಲಿದೆ ಎಂಬ ಮಾಹಿತಿ ಕೊಟ್ಟಿದ್ದೇವೆ, ಸರಿಯಾಗಿ ಸಿಗಲಿಲ್ಲ ಅಂತ ಆಮೇಲೆ ಎರಡು ಇಲಾಖೆಗಳ ನಡುವೆ ಮಾತು ನಡೆಯಿತು. ಒಂದು ತಿಂಗಳಿಗೆ, ಮಾರ್ಚ್ 10ಕ್ಕೆ, ಬಂಡೀಪುರದಲ್ಲಿ ಸಭೆ ಸೇರಿ ರಾಜ್ಯಗಳ ನಡುವೆ ಒಂದು ಒಪ್ಪಂದವೂ ಆಯಿತು. ಒಳ್ಳೆಯದು. ಆದರೆ ಆ ಸಭೆಯಲ್ಲಿ ಎಲ್ಲರ ಕಣ್ಣಿದ್ದದ್ದು ವಯನಾಡು, ಬಂಡೀಪುರ, ಮುದುಮಲೆಯ ಮೇಲೆ. ಸುಳ್ಯ ಮತ್ತು ದೇಲಂಪಾಡಿಯ ನಡುವಿನ ಗಡಿಯಲ್ಲಿ ದಿನಾ ಕೆಲಸ ಮಾಡುವ ಗಾರ್ಡುಗಳ ಫೋನ್ ನಂಬರಿನ ಒಂದು ಸಾಮಾನ್ಯ ಪಟ್ಟಿ ಬೇಕು. ಈ ಕಡೆ ಓಡಿಸುವ ಮೊದಲು ಆ ಕಡೆಗೆ ಹೇಳುವ ನಿಯಮ ಬೇಕು. ಎರಡು ರೇಂಜಿನವರು ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಚಾ ಕುಡಿಯುವ ಒಂದು ಮೇಜು ಬೇಕು. ಇದಕ್ಕೆ ಮಂತ್ರಿಗಳ ಸಹಿ ಬೇಡ. ನೀವು ಬೆಂಗಳೂರಿನಲ್ಲಿರುವ ನಿಮ್ಮ ಸಮಾನ ಹುದ್ದೆಯವರಿಗೆ ಒಂದು ಫೋನು ಮಾಡಿದರೆ ಸಾಕು. ಕರ್ನಾಟಕದಲ್ಲಿ 2023ರ ಗಣತಿಯ ಅಂದಾಜಿನಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಅಷ್ಟು ಆನೆ ಇರುವ ನೆರೆಮನೆಯವರ ಜೊತೆ ಮಾತು ಬಿಟ್ಟು ಬದುಕಲು ಆಗುತ್ತದಾ?

ಚಿರತೆಯ ಕಥೆ ಬೇರೆ. ಮುಳಿಯಾರು, ಕಾರಡ್ಕ, ಬೇಡಡ್ಕ ಪಂಚಾಯತುಗಳಲ್ಲಿ ಈಚಿನ ವರ್ಷಗಳಲ್ಲಿ ಚಿರತೆ ಸುದ್ದಿಯಿಲ್ಲದ ತಿಂಗಳಿಲ್ಲ. ಇರಿಯಣ್ಣಿ, ಕಾನತ್ತೂರು ಕಡೆ ಎಷ್ಟೋ ಮನೆಗಳ ನಾಯಿ ಹೋಗಿವೆ. ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು ಹೊತ್ತು ಹುಟ್ಟುವವರೆಗೆ ಕಾಯುತ್ತಾರೆ. ಅಷ್ಟು ಹೊತ್ತಿಗೆ ಹಾಲು ಇಳಿಯುವುದು ಕಡಿಮೆಯಾಗಿರುತ್ತದೆ. ಚಿರತೆ ಸುಮ್ನೆ ಬರುವುದಿಲ್ಲ. ರಾತ್ರಿ ರಸ್ತೆ ಬದಿಗೆ ಕೋಳಿ ತ್ಯಾಜ್ಯ ಎಸೆಯುತ್ತಾರೆ, ಅದಕ್ಕೆ ನಾಯಿ, ನಾಯಿಗೆ ಚಿರತೆ. ಇದು ನಿಮ್ಮ ಇಲಾಖೆಯ ಕೆಲಸ ಅಲ್ಲ, ನಮ್ಮ ಪಂಚಾಯತಿನದ್ದು, ನಮ್ಮದೇ. ಅದನ್ನು ಇಲ್ಲಿ ಬರೆಯದೆ ನಿಮ್ಮನ್ನು ಮಾತ್ರ ಬೈದರೆ ನ್ಯಾಯ ಆಗುವುದಿಲ್ಲ.

ನಮ್ಮ ಕಡೆಯ ಇನ್ನೊಂದು ತಪ್ಪು ಉರುಳು. ಹಂದಿಗೆ ಅಂತ ಬೈಕಿನ ಕೇಬಲ್ಲಿನಲ್ಲಿ ಕಟ್ಟುತ್ತಾರೆ. ಉರುಳಿಗೆ ಹಂದಿ, ಚಿರತೆ ಅಂತ ಭೇದ ಇಲ್ಲ. 2025ರ ಫೆಬ್ರವರಿಯಲ್ಲಿ ಕೊಳತ್ತೂರಿನಲ್ಲಿ ಸುರಂಗದೊಳಗೆ ಒಂದು ಚಿರತೆ ಉರುಳಿಗೆ ಸಿಕ್ಕಿಬಿದ್ದಿತ್ತು. ನಮ್ಮ ಸುರಂಗ ಗೊತ್ತಲ್ಲ, ಗುಡ್ಡದ ಮುರಕಲ್ಲು ಕೊರೆದು ನೀರಿಗೆ ತೋಡಿದ ಅಡ್ಡ ಬಾವಿ. ಮಂಪರು ಮದ್ದು ಕೊಟ್ಟು ಹಿಡಿಯುವ ಪ್ರಯತ್ನದಲ್ಲಿ ಅದು ತಪ್ಪಿಸಿಕೊಂಡು ಹೋಯಿತು. ಅಲ್ಲಿದ್ದ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಕತ್ತಲಲ್ಲಿ, ಇಕ್ಕಟ್ಟಿನ ಸುರಂಗದಲ್ಲಿ, ಗಾಯಗೊಂಡ ಚಿರತೆಯ ಎದುರು ನಿಲ್ಲುವುದು ಹೇಳಿದಷ್ಟು ಸುಲಭ ಅಲ್ಲ. ನನ್ನ ಪ್ರಶ್ನೆ ಬೇರೆ. ಡಾರ್ಟ್ ಹೊಡೆಯಲು ತರಬೇತಾದ ಪಶುವೈದ್ಯರು ರಾಜ್ಯದಲ್ಲೇ ಬೆರಳೆಣಿಕೆ. ಅವರು ಹೆಚ್ಚು ಕೆಲಸವಿರುವ ಜಿಲ್ಲೆಗಳಲ್ಲಿ ಇರುತ್ತಾರೆ, ಇರಬೇಕಾದ್ದೇ. ಆದರೆ ಅವರು ದೂರದಿಂದ ಬಂದು ತಲುಪುವವರೆಗಿನ ಗಂಟೆಗಳಲ್ಲಿ ಊರಿನ ಜನ ಸೇರುತ್ತಾರೆ, ಮೊಬೈಲು ಹಿಡಿಯುತ್ತಾರೆ, ಪ್ರಾಣಿ ಹೆದರಿ ಒದ್ದಾಡುತ್ತದೆ. ಆ ಗಂಟೆಗಳಲ್ಲಿ ಜನರನ್ನು ದೂರ ನಿಲ್ಲಿಸಿ ಜಾಗ ಸುರಕ್ಷಿತ ಮಾಡುವುದು ಹೇಗೆ ಅಂತ ಊರಿನ ಹುಡುಗರಿಗೆ ಕಲಿಸಿ. ಪ್ರಾಥಮಿಕ ಸ್ಪಂದನ ತಂಡ ಅಂತ ಹೆಸರಿಟ್ಟು ರಚಿಸಿದ್ದೀರಿ, ಸಂತೋಷ. ಹೆಸರಿನ ಜೊತೆ ಹಗ್ಗ, ಸರ್ಚ್‌ಲೈಟು, ಎರಡು ದಿನದ ತರಬೇತಿ ಕೂಡ ಬರಲಿ. ಹಾವಿನ ವಿಷಯದಲ್ಲಿ ನೀವು ಇದನ್ನು ಮಾಡಿ ತೋರಿಸಿದ್ದೀರಿ. ಸರ್ಪ ಆ್ಯಪ್ ಬಂದ ಮೇಲೆ ನಾಗರಹಾವು ಅಡುಗೆಮನೆಗೆ ಬಂದರೆ ದೊಣ್ಣೆ ಹುಡುಕುತ್ತಿದ್ದವರು ಈಗ ಮೊಬೈಲು ಹುಡುಕುತ್ತಾರೆ. ತರಬೇತಿ ಪಡೆದ ಊರಿನವನೇ ಬಂದು ಹಿಡಿದು ಕೊಂಡುಹೋಗುತ್ತಾನೆ. ನಿಮ್ಮ ಇಲಾಖೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಮೊದಲನೆಯದು ಅಂತ ನನಗನಿಸುತ್ತದೆ.

ಹಂದಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಹಂದಿಗೆ ಗುಂಡು ಹೊಡೆಯಲು ಅನುಮತಿ ಕೊಡುವ ಅಧಿಕಾರ ಬಂತು. ಲೈಸೆನ್ಸ್ ಇರುವ ಕೋವಿ ಊರಲ್ಲಿ ಎಷ್ಟು? ಇದ್ದವರಿಗೆ ವಯಸ್ಸಾಗಿದೆ, ಚುನಾವಣೆ ಬಂದಾಗ ಕೋವಿ ಠಾಣೆಯಲ್ಲಿ. ಹಂದಿ ಮಾತ್ರ ಚುನಾವಣೆ ನೋಡಿ ನಿಲ್ಲುವುದಿಲ್ಲ.

ಮಂಗ ಮಾತ್ರ ನಿಮ್ಮ ಕೈಯಲ್ಲೇ ಇರುವ ವಿಷಯ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು, ನಮ್ಮ ಸಾಮಾನ್ಯ ಮಂಗ ಒಂದನೇ ಶೆಡ್ಯೂಲಿಗೆ ಏರಿತು. ಅಂದರೆ ಈಗ ಅದು ಆನೆ, ಚಿರತೆಯ ಸಾಲಿನಲ್ಲಿದೆ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಮ್ಮ ಬೇರೆ ಅಧಿಕಾರಗಳನ್ನು ಕೆಳಗಿನವರಿಗೆ ಹಂಚಬಹುದು. 11ನೇ ಸೆಕ್ಷನ್ನಿನಲ್ಲಿ ಒಂದನೇ ಶೆಡ್ಯೂಲಿನ ಪ್ರಾಣಿಗಳನ್ನು ಹಿಡಿಯಲು, ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಮಾತ್ರ ಹಂಚುವ ಹಾಗಿಲ್ಲ. ಅಷ್ಟೂ ನಿಮ್ಮ ಒಬ್ಬರ ಮೇಜಿಗೇ ಬರಬೇಕು. ಅದಕ್ಕೆ ಕಾರಣ ಇದೆ, ನಾನು ಒಪ್ಪುತ್ತೇನೆ. ಊರಿನ ಸಿಟ್ಟಿಗೆ ಊರಲ್ಲೇ ಗುಂಡು ಹಾರಬಾರದು. ಆದರೆ ಮಂಗಗಳ ಗುಂಪು ಬೆಳಿಗ್ಗೆ ತೆಂಗಿನ ಮರ ಹತ್ತಿ ಸಿಯಾಳ ಒಂದೊಂದೇ ಕಿತ್ತು, ಎರಡು ಗುಟುಕು ಕುಡಿದು ಎಸೆಯುವುದನ್ನು ಕೂತು ನೋಡುವ ರೈತನಿಗೆ ಏನು ಹೇಳುತ್ತೀರಿ? ಕೊಕ್ಕೋ ಕಾಯಿ ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪಿ ಬಿಸಾಡುತ್ತವೆ. ಎಷ್ಟೋ ಜನ ತೆಂಗಿನ ತೋಟ ನೋಡುವುದನ್ನೇ ಬಿಟ್ಟಿದ್ದಾರೆ. ಕೊಲ್ಲುವುದು ಬೇಡ. ಹಿಡಿದು ಸಂತಾನಹರಣ ಮಾಡುವ ಕೆಲಸ ಕೆಲವು ರಾಜ್ಯಗಳಲ್ಲಿ ವರ್ಷಗಳಿಂದ ನಡೆಯುತ್ತಿದೆ. ಕೇರಳದಲ್ಲೂ ಮಂಗಗಳಿಗೆ ಅಂತ ಒಂದು ಮಿಷನ್ ಘೋಷಣೆಯಾಗಿದೆ. ಆ ಮಿಷನ್ ಗಾಡಿ ಕಾಸರಗೋಡಿನ ಯಾವ ಪಂಚಾಯತಿಗೆ, ಯಾವ ತಿಂಗಳು ಬರುತ್ತದೆ ಅಂತ ಹೇಳಿಬಿಡಿ. ದಿನಾಂಕ ಗೊತ್ತಿದ್ದರೆ ಜನ ಕಾಯುತ್ತಾರೆ.

ಈಗ ಸ್ವಲ್ಪ ಹಳೆಯ ವಿಷಯ. ನಮ್ಮ ಜಿಲ್ಲೆಯ ಗೇರು ತೋಟಗಳು, ಪ್ಲಾಂಟೇಶನ್ ಕಾರ್ಪೊರೇಶನ್ ನಡೆಸುವುದು, ಬಹುಮಟ್ಟಿಗೆ ಅರಣ್ಯ ಇಲಾಖೆಯಿಂದ ಲೀಸಿಗೆ ಪಡೆದ ಭೂಮಿ. ಆ ಸುಮಾರು 4,700 ಹೆಕ್ಟೇರ್ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದರು. ಎಣ್ಮಕಜೆಯಿಂದ ಮುಳಿಯಾರಿನವರೆಗೆ ಅದರ ಫಲ ಉಂಡ ಮನೆಗಳು ಈಗಲೂ ಇವೆ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ದೇಶಕ್ಕೇ ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಈ ಪತ್ರದಲ್ಲಿ ಇದು ಯಾಕೆ ಬಂತು ಅಂತ ಕೇಳಬಹುದು. ಕಾಡು ಹೋಗಿ ಗೇರು ಬಂದ ಜಾಗ ಅದು. ಈಗ ಆ ತೋಟಗಳ ಎಷ್ಟೋ ಭಾಗ ಪೊದೆ ಬೆಳೆದು ಹಂದಿಗೆ, ಚಿರತೆಗೆ ಅಡಗುತಾಣ. ಅತ್ತ ಕಾಡೂ ಅಲ್ಲ, ಇತ್ತ ತೋಟವೂ ಅಲ್ಲ. ಜೊತೆಗೆ ಪದವುಗಳ ಮೇಲೆ ನೆಟ್ಟ ಅಕೇಶಿಯಾ. ಅದರ ಎಲೆ ದನವೂ ಮೂಸುವುದಿಲ್ಲ, ಇನ್ನು ಆನೆ ತಿನ್ನುತ್ತದಾ? 2021ರಲ್ಲಿ ಸರಕಾರವೇ ಪರಿಸರ ಪುನಃಸ್ಥಾಪನೆ ನೀತಿ ಮಾಡಿ, ಇಂಥ ವಿದೇಶಿ ಮರ ತೆಗೆದು ನಾಡ ಮರ ತರುತ್ತೇವೆ ಅಂದಿದೆ. ಹಾಗಾದರೆ ಬೀಟೆ, ಬೈನೆ, ಬಿದಿರು, ಕಾಡು ಹಲಸು, ಕಾಡು ಮಾವು ಮೊದಲು ನಮ್ಮ ಪರಪ್ಪೆಯಲ್ಲೇ ನೆಡಿ. ಆನೆಗೆ ಕಾಡಲ್ಲಿ ತಿನ್ನಲು ಸಿಗದೆ ಬೇಲಿ ಎಷ್ಟು ಗಟ್ಟಿ ಮಾಡಿದರೂ ಅದು ಹೊರಗೆ ಬಂದೇ ಬರುತ್ತದೆ.

ದೂರುಗಳೇ ಆಯಿತು ಅನಿಸಿದರೆ, ಇದನ್ನೂ ಕೇಳಿ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಿಸಿಕೊಂಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಜಿಲ್ಲೆ ಇದು. ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಪ್ರಾಣಿ ಭೀಮನಾಮೆ. ಈ ಭೀಮನಾಮೆ ನಮ್ಮ ಪಯಸ್ವಿನಿ, ಚಂದ್ರಗಿರಿಯಲ್ಲಿ ಬದುಕುತ್ತದೆ. ಮೆದು ಚಿಪ್ಪು, ನೂರು ಕಿಲೋ ತೂಗಬಲ್ಲದು. ದಿನದ ಹೆಚ್ಚು ಹೊತ್ತು ಹೊಳೆಯ ತಳದ ಮರಳಿನಲ್ಲಿ ಹುಗಿದುಕೊಂಡು, ಕಣ್ಣು ಮೂಗು ಮಾತ್ರ ಹೊರಗಿಟ್ಟು ಮೀನಿಗೆ ಕಾಯುತ್ತದೆ. ಜಗತ್ತಿನಲ್ಲೇ ಅಳಿವಿನ ಅಂಚಿನಲ್ಲಿರುವ ಜೀವಿ. ಅದು ಇಲ್ಲಿ ಇನ್ನೂ ಮೊಟ್ಟೆ ಇಡುತ್ತಿದೆ ಅಂತ ಗೊತ್ತಾದದ್ದು ಹೊಳೆ ಬದಿಯ ಮನೆಯವರು ಸಂಶೋಧಕರಿಗೆ ಹೇಳಿದ್ದರಿಂದ. ನೀರು ಏರಿ ಗೂಡು ಮುಳುಗುವಾಗ ಮೊಟ್ಟೆ ತೆಗೆದು ಕಾಪಾಡಿ, ಮರಿಗಳನ್ನು ಮತ್ತೆ ಹೊಳೆಗೆ ಬಿಟ್ಟದ್ದೂ ಅವರ ಸಹಾಯದಿಂದಲೇ. ಅಲ್ಲಿ ಯಾವ ಅಭಯಾರಣ್ಯದ ಬೋರ್ಡೂ ಇಲ್ಲ. ಆ ಆಮೆಗೆ ಈಗ ಭಯ ಇರುವುದು ಮರಳು ತೆಗೆಯುವ ದೋಣಿಯಿಂದ ಮತ್ತು ಮೀನು ಹಿಡಿಯಲು ಸಿಡಿಸುವ ತೋಟೆಯಿಂದ. ಹೊಳೆಯಲ್ಲಿ ಗಸ್ತು ತಿರುಗಲು ನಿಮ್ಮ ಇಲಾಖೆಯ ಒಂದು ದೋಣಿ ಇಡಿ.

ಕುಂಬಳೆ ಅನಂತಪುರದ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಮೊಸಳೆ ಇತ್ತಲ್ಲ, 2022ರ ಅಕ್ಟೋಬರಿನಲ್ಲಿ ಸತ್ತಾಗ ಜಾತಿ ಮತ ನೋಡದೆ ಜನ ಸಾಲು ನಿಂತರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು, ಯಾರೂ ದೊಣ್ಣೆ ಹಿಡಿಯಲಿಲ್ಲ. ಇಲ್ಲಿನ ಜನ ಪ್ರಾಣಿದ್ವೇಷಿಗಳು ಅಂತ ಯಾರಾದರೂ ನಿಮಗೆ ವರದಿ ಕೊಟ್ಟರೆ ಇದನ್ನು ನೆನಪಿಡಿ.

ಅಭಯಾರಣ್ಯ ಮಾಡಿ ಅಂತ ನಾನು ಕೇಳುತ್ತಿದ್ದೇನಾ? ಇಲ್ಲ. ಮಾಡಿದರೆ ಅರ್ಧ ಊರು ಒಕ್ಕಲೇಳುವ ಹೆದರಿಕೆಯಲ್ಲಿ ಬೀದಿಗೆ ಬರುತ್ತದೆ, ಉಳಿದ ಅರ್ಧ ರೆಸಾರ್ಟ್ ಕಟ್ಟಲು ಹೊರಡುತ್ತದೆ. ರಾಣಿಪುರಂನಲ್ಲಿ ಭಾನುವಾರ ಬೀಳುವ ಪ್ಲಾಸ್ಟಿಕ್ ನೋಡಿದರೆ ಸಾಕು. ನಾನು ಕೇಳುವುದು ಬೋರ್ಡ್ ಇಲ್ಲದ ಕಡೆಗೂ ದುಡ್ಡು ಬರಲಿ ಅಂತ. ಕೇಂದ್ರದ ವನ್ಯಜೀವಿ ಆವಾಸಸ್ಥಾನ ಅಭಿವೃದ್ಧಿ ಯೋಜನೆಯಲ್ಲಿ ಮೂರು ಭಾಗ ಇವೆ. ಸಂರಕ್ಷಿತ ಪ್ರದೇಶಗಳಿಗೆ ನೆರವು ಒಂದು. ಸಂರಕ್ಷಿತ ಪ್ರದೇಶದ ಹೊರಗಿನ ವನ್ಯಜೀವಿ ರಕ್ಷಣೆ ಇನ್ನೊಂದು. ಅಳಿವಿನಂಚಿನ ಜೀವಿಗಳನ್ನು ಉಳಿಸುವುದು ಮೂರನೆಯದು. ಕಾಸರಗೋಡಿನ ಆನೆ, ಚಿರತೆ ಎರಡನೇ ಭಾಗಕ್ಕೆ ಸೇರಿದ್ದು, ಭೀಮನಾಮೆಯನ್ನು ಮೂರನೆಯದಕ್ಕೆ ಸೇರಿಸಲು ಕೇಳಬಹುದು. ಪ್ರಸ್ತಾವ ಬರೆಯಬೇಕಾದ ಕೈ ನಿಮ್ಮದು. 2024ರ ಮಾರ್ಚ್‌ನಲ್ಲಿ ಮನುಷ್ಯ ಮತ್ತು ವನ್ಯಜೀವಿ ಸಂಘರ್ಷವನ್ನು ರಾಜ್ಯದ ವಿಶೇಷ ವಿಪತ್ತು ಅಂತ ಘೋಷಿಸಿದ ಮೇಲೆ ಕಲೆಕ್ಟರ್ ಬಳಿಯೂ ದಾರಿಗಳಿವೆ. ಅವರನ್ನೂ ಕೂರಿಸಿಕೊಳ್ಳಿ.

ಕೊನೆಗೆ ಎಚ್ಚರಿಕೆಯ ಮಾತು, ಅಂದರೆ ನಿಜವಾಗಿಯೂ ಎಚ್ಚರಿಕೆಯ ಸಂದೇಶಗಳ ಮಾತು. ಆನೆ ಇಳಿದಿದೆ, ರಾತ್ರಿ ಹೊರಗೆ ಬರಬೇಡಿ ಅಂತ ವಾಟ್ಸ್ಆ್ಯಪ್‌ಗೆ ಬರುವುದು ಮಲಯಾಳದಲ್ಲಿ. ನನಗೆ ಓದಲು ಬರುತ್ತದೆ, ನನ್ನ ಮಗನಿಗೂ ಬರುತ್ತದೆ. ಗುಡ್ಡೆಯ ಮೇಲಿನ ಮನೆಯಲ್ಲಿ ಒಬ್ಬರೇ ಇರುವ, ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದ ಅಜ್ಜಿಗೆ ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗುವವರು ಅವರೇ. ಕನ್ನಡದಲ್ಲಿ ಒಂದು ಸಾಲು, ಅಥವಾ ತುಳುವಿನಲ್ಲಿ ಒಂದು ಧ್ವನಿ ಸಂದೇಶ ಮಾಡಲು ಎಷ್ಟು ಹೊತ್ತು ಬೇಕು? ಸೆಕ್ಷನ್ ಕಚೇರಿಯಲ್ಲಿ ಊರಿನ ಹುಡುಗನೊಬ್ಬ ಇದ್ದರೆ ಅರ್ಧ ನಿಮಿಷ. ಬೆಳೆ ನಷ್ಟದ ಅರ್ಜಿಗೆ, ಕಂಪ್ಯೂಟರಿನಲ್ಲಿ ಸರಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದಾಗಲೂ ಇದೇ ಪಾಡು. ಕಂಪ್ಯೂಟರಿನಲ್ಲಿ ಏನು ತುಂಬಿಸಿದರು ಅಂತ ಅರ್ಜಿ ಹಾಕಿದವನಿಗೇ ಗೊತ್ತಿರುವುದಿಲ್ಲ.

ಬರುವುದಾದರೆ ಮೇ ಕೊನೆಗೆ ಬನ್ನಿ, ಹಲಸು ಹಣ್ಣಾಗಿರುವಾಗ, ಮೊದಲ ಮಳೆ ಬಿದ್ದು ಬೇಲಿಗೆ ಬಳ್ಳಿ ಹತ್ತುವಾಗ. ಡಿಸೆಂಬರಿನಲ್ಲಿ ಬಂದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪತ್ರಕರ್ತರನ್ನು ಬಿಟ್ಟು, ಆ ದಿನಗೂಲಿ ವಾಚರನ್ನು ಜೊತೆಗೆ ಕರೆದುಕೊಂಡು ತಂತಿಯ ಕೆಳಗೆ ನಾಲ್ಕು ಕಿಲೋಮೀಟರ್ ನಡೆಯಿರಿ.

ಈ ಪತ್ರಕ್ಕೆ ಉತ್ತರ ಬರೆಯುವ ಮನಸ್ಸಾದರೆ ಕನ್ನಡದಲ್ಲೇ ಬರಲಿ. ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ.

ಇಂತು ನಿಮ್ಮ ವಿಶ್ವಾಸಿ,
ದೇಲಂಪಾಡಿಯ ಒಬ್ಬ ಅಡಿಕೆ ಕೃಷಿಕ